ಪಗಾರ ಹತ್ತನೇ ತಾರೀಖಿಗೇ ಖಾಲಿ: ಮುಂಬಯಿಯವರೇ, ನಿಮ್ಮ ಅನುಭವ ಹೇಳಿ

ಕೇಳಿದವನು (24, ಜೋಗೇಶ್ವರಿ)

ಅಣ್ಣಂದಿರೇ, ಅಕ್ಕಂದಿರೇ, ನನ್ನ ಊರು ಕುಂದಾಪುರದ ಹತ್ತಿರ. ಅಂಧೇರಿಯಲ್ಲಿ ಆಫೀಸು, ಕೈಗೆ 27,000 ಬರುತ್ತದೆ. ರೂಮಿನ ಪಾಲು 5,500, ಮೆಸ್ 4,000, ಫೋನಿನ ಕಂತು 5,800, ಬೈಕಿನ ಕಂತು 3,600. ಕ್ರೆಡಿಟ್ ಕಾರ್ಡಿನಲ್ಲಿ 42,000 ಬಾಕಿ ಇದೆ, ತಿಂಗಳಿಗೆ ಮಿನಿಮಮ್ 2,100 ಕಟ್ಟುತ್ತೇನೆ. ಮಿಕ್ಕದ್ದು ಶನಿವಾರ ಆಫೀಸಿನವರ ಜೊತೆ ಮಾಲ್‌ಗೆ ಹೋದರೆ ಮುಗಿಯಿತು. ಮೂರು ತಿಂಗಳಿಂದ ಮನೆಗೆ ದುಡ್ಡು ಕಳಿಸಿಲ್ಲ. ಡಿಸೆಂಬರಿನಲ್ಲಿ ಅಕ್ಕನ ಮದುವೆ. ಮುಂಬಯಿಯಿಂದ ಬಂದವನು ಅಂತ ಎಲ್ಲರೂ ನನ್ನ ಕೈ ನೋಡುತ್ತಾರೆ. ಹೀಗೆ ಸಿಕ್ಕಿಹಾಕಿಕೊಂಡು ಹೊರಗೆ ಬಂದವರು ಯಾರಾದರೂ ಇದ್ದೀರಾ? ಬೈಯಬೇಡಿ, ಅದನ್ನು ನಾನೇ ದಿನಾ ಮಾಡಿಕೊಳ್ಳುತ್ತೇನೆ.

ಮುಲುಂಡ್, ಬ್ಯಾಂಕಿನಲ್ಲಿ ಕೆಲಸ

ಮೊದಲು ಕಾರ್ಡ್, ಬೇರೆಲ್ಲ ಆಮೇಲೆ. ತಿಂಗಳಿಗೆ ಮೂರೂವರೆ ಪರ್ಸೆಂಟ್ ಬಡ್ಡಿ ಅಂತ ಹಿಡಿಯಿರಿ. 42,000ಕ್ಕೆ 1,470 ಆಯ್ತು. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಸುಮಾರು 265. ಅಂದರೆ ನೀವು ಕಟ್ಟುವ 2,100ರಲ್ಲಿ 1,735 ಬಡ್ಡಿಗೇ ಹೋಯ್ತು. ಅಸಲಿಗೆ ಬಿದ್ದದ್ದು 365 ರೂಪಾಯಿ. ಶನಿವಾರ ಅದೇ ಕಾರ್ಡಿನಲ್ಲಿ ಒಂದು ಪಿಜ್ಜಾ ತಿಂದರೆ ಆ 365 ಕೂಡ ಹೋಯ್ತು. ಇನ್ನೊಂದು ವಿಷಯ ಜಾಸ್ತಿ ಜನಕ್ಕೆ ಗೊತ್ತಿಲ್ಲ. ಹಳೇ ಬಾಕಿ ಪೂರ್ತಿ ಕಟ್ಟದೆ ಇದ್ದರೆ ಹೊಸ ಖರೀದಿಗೆ ಬಡ್ಡಿಯಿಲ್ಲದ ದಿನಗಳು ಸಿಗುವುದಿಲ್ಲ. ಕಾರ್ಡ್ ಉಜ್ಜಿದ ದಿನದಿಂದಲೇ ಮೀಟರ್ ಓಡುತ್ತದೆ.

ಬ್ಯಾಂಕಿನಿಂದಲೋ ಪತ್‌ಪೇಡಿ ಅಂದರೆ ಸಹಕಾರಿ ಪತ್ತಿನ ಸಂಘದಿಂದಲೋ ಒಂದು ಪರ್ಸನಲ್ ಲೋನ್ ತೆಗೆದು ಕಾರ್ಡನ್ನು ಒಂದೇ ಸಲ ತೀರಿಸಿ. ವರ್ಷಕ್ಕೆ 15 ಪರ್ಸೆಂಟ್ ಬಿದ್ದರೂ ಕಾರ್ಡಿನ 42 ಪರ್ಸೆಂಟಿನ ಎದುರು ಅದು ಎಷ್ಟೋ ವಾಸಿ. ಕಾರ್ಡ್ ಕತ್ತರಿಸಿ ಅಂತ ನಾನು ಹೇಳುವುದಿಲ್ಲ. ಊರಿನ ಮನೆಯಲ್ಲಿ ಬಿಟ್ಟು ಬನ್ನಿ, ಸಾಕು.

ಸೊನ್ನೆ ಬಡ್ಡಿ ಅಂತ ಫೋನ್ ತಗೊಂಡಿರಾ? ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಗದು ಕೊಟ್ಟರೆ ಸಿಗಬೇಕಾದ ರಿಯಾಯಿತಿಯೇ ಅಲ್ಲಿ ಬಡ್ಡಿಯ ವೇಷ ಹಾಕಿಕೊಂಡು ಕೂತಿರುತ್ತದೆ.

ಕಂತು ತಪ್ಪಿ ವಸೂಲಿಯವರ ಫೋನ್ ಬರುತ್ತಿದ್ದರೆ ನೆನಪಿಡಿ: ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಅವರು ಫೋನ್ ಮಾಡುವ ಹಾಗಿಲ್ಲ. ಮೊದಲು ಬ್ಯಾಂಕಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಗ್ರಾಹಕರ ದೂರು ಕೇಳುವ ಅಧಿಕಾರಿ. ಮಾಹಿತಿ ಬೇಕಿದ್ದರೆ 14448ಕ್ಕೆ ಫೋನ್ ಮಾಡಿ.

ಠಾಣೆ, ಮಾಲ್‌ನ ಮೊಬೈಲ್ ಅಂಗಡಿಯಲ್ಲಿ ಸೇಲ್ಸ್

ನಿಮ್ಮಂಥವರಿಗೆ ಫೋನ್ ಮಾರುವುದೇ ನನ್ನ ಕೆಲಸ. ಹೆಸರು ಕೇಳಬೇಡಿ, ಅಂಗಡಿ ಯಾವುದು ಅಂತಲೂ ಕೇಳಬೇಡಿ.

ನಮಗೆ ಮೊದಲು ಕಲಿಸುವುದೇ ಪೂರ್ತಿ ಬೆಲೆ ಬಾಯಿಬಿಟ್ಟು ಹೇಳಬಾರದು ಅಂತ. ತಿಂಗಳ ಕಂತು ಹೇಳಬೇಕು. ಗಿರಾಕಿ ಅನುಮಾನ ಮಾಡಿದರೆ ಅದನ್ನೂ ಒಡೆದು ದಿನದ ಲೆಕ್ಕಕ್ಕೆ ಇಳಿಸಬೇಕು. ನಿಮ್ಮ 5,800 ಅಂದರೆ ದಿನಕ್ಕೆ 193. ‘ಸರ್, ಒಂದು ಕಾಫಿ ದುಡ್ಡು ಅಷ್ಟೇ’ ಅನ್ನುತ್ತೇವೆ. ಹಾಗೆ ಹೇಳುವ ನಾನು ಮನೆಯಿಂದ ಫ್ಲಾಸ್ಕಿನಲ್ಲಿ ಚಹಾ ತರುತ್ತೇನೆ.

ಫೋನ್ ಮಾರಿದರೆ ನಮಗೆ ಸಿಗುವುದು ಕಡಿಮೆ. ಸಾಲದ ಮೇಲೆ ಮಾರಿದರೆ, ಜೊತೆಗೆ ಇನ್ಶೂರೆನ್ಸ್ ಅಂಟಿಸಿದರೆ ಜಾಸ್ತಿ. ಟಾರ್ಗೆಟ್ ಮುಟ್ಟದ ತಿಂಗಳು ನನ್ನ ಪಗಾರ 16,000. ಹತ್ತು ಗಂಟೆ ನಿಲ್ಲಬೇಕು, ಗಿರಾಕಿ ಇಲ್ಲದಾಗಲೂ ಕೂರುವ ಹಾಗಿಲ್ಲ. ಲಿಪ್‌ಸ್ಟಿಕ್ ಕಡ್ಡಾಯ, ದುಡ್ಡು ನಮ್ಮದು. ಫುಡ್ ಕೋರ್ಟ್‌ನಲ್ಲಿ ಡಬ್ಬಿ ತೆರೆಯಬಾರದು. ಹಾಗಾಗಿ ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲಿದೆಯಲ್ಲ, ಅಲ್ಲಿ ನಾವು ನಾಲ್ಕು ಹುಡುಗಿಯರು ಸಾಲಾಗಿ ಕೂತು ಊಟ ಮಾಡುತ್ತೇವೆ. ಮೇಲಿನ ಮೆಟ್ಟಿಲಲ್ಲಿ ಕಾಸ್ಮೆಟಿಕ್ಸ್‌ನವಳು, ಕೆಳಗಿನ ಮೆಟ್ಟಿಲಲ್ಲಿ ಬೂಟಿನ ಅಂಗಡಿಯವಳು. ಒಂದು ಉಪ್ಪಿನಕಾಯಿ ಬಾಟಲಿ ಮೇಲಿಂದ ಕೆಳಗೆ ಕೈಯಿಂದ ಕೈಗೆ ಇಳಿಯುತ್ತದೆ. ರಾತ್ರಿ ಹೊರಗೆ ಹೋಗುವಾಗ ಚೀಲ ಬಿಚ್ಚಿ ತೋರಿಸಬೇಕು.

ನಿಮಗೆ ಹೇಳಬೇಕಾದ ಮಾತು ಇದು. ಒಬ್ಬನೇ ಬಂದ ಹುಡುಗ ಹೆಚ್ಚಾಗಿ ನೋಡಿ ಹೋಗುತ್ತಾನೆ. ಗೆಳೆಯರ ಜೊತೆ ಬಂದವನು ತಗೊಳ್ಳುತ್ತಾನೆ. ಅದು ನಮಗೆ ಗೊತ್ತು. ಅದಕ್ಕೇ ನಾವು ಮಾತಾಡುವುದು ಗೆಳೆಯನ ಹತ್ತಿರ: ‘ನಿಮ್ಮ ಫ್ರೆಂಡ್‌ಗೆ ಈ ಕಲರ್ ಸೂಟ್ ಆಗುತ್ತೆ ಅಲ್ವಾ ಸರ್?’ ಗೆಳೆಯ ಹೂಂ ಅಂದರೆ ನನ್ನ ಕೆಲಸ ಮುಗಿದ ಹಾಗೆ. ಇನ್ನು ಮುಂದೆ ಏನೇ ತಗೊಳ್ಳುವುದಿದ್ದರೂ ಒಬ್ಬರೇ ಹೋಗಿ.

ಪೊವಾಯಿ

ಎಲ್ಲರೂ ಖರ್ಚು ಬಿಡು ಅನ್ನುತ್ತಾರೆ. ನಾನು ಸ್ವಲ್ಪ ಉಲ್ಟಾ. ಇಂಟರ್‌ವ್ಯೂಗೆ ಮೂರು ಸಲ ಹಳೇ ಚಪ್ಪಲಿಯಲ್ಲಿ ಹೋದೆ, ಮೂರು ಸಲವೂ ಆಗಲಿಲ್ಲ. ನಾಲ್ಕನೇ ಸಲ ಸಾಲ ಮಾಡಿ ಬೂಟು, ಶರ್ಟು ತಗೊಂಡೆ, ಕೆಲಸ ಸಿಕ್ಕಿತು. ಬೂಟಿನಿಂದಲೇ ಸಿಕ್ಕಿತಾ, ದೇವರಿಗೇ ಗೊತ್ತು. ಆದರೆ ಬಡವನ ಹಾಗೆ ಕಂಡರೆ ಈ ಊರು ಬಡವನ ಪಗಾರವನ್ನೇ ಕೊಡುತ್ತದೆ. ಬಟ್ಟೆಗೆ ಖರ್ಚು ಮಾಡಿ, ಕೆಲಸಕ್ಕೆ ಬೇಕಾದಷ್ಟು. ಶನಿವಾರದ ಮಾಲ್ ಮಾತ್ರ ಬೇರೆ ಲೆಕ್ಕ.

ವರ್ಲಿ, 67 ವರ್ಷ, ಹೋಟೆಲ್ ಕೆಲಸ ಮಾಡಿದವ

ಮೊಮ್ಮಗಳು ಟೈಪ್ ಮಾಡುತ್ತಿದ್ದಾಳೆ, ತಪ್ಪಿದ್ದರೆ ಅವಳದ್ದು.

ಮಾರಾಯ, ನಮ್ಮ ಕಾಲದಲ್ಲಿ ಹೀಗೆಲ್ಲ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. 1973ರಲ್ಲಿ ಬಂದೆ, 15 ವರ್ಷ. ಹಗಲು ಲೋವರ್ ಪರೇಲಿನಲ್ಲಿ ಮಿಲ್ ಗೇಟಿನ ಎದುರಿನ ಹೋಟೆಲಲ್ಲಿ ಕಪ್ಪು ತೊಳೆಯುವುದು, ರಾತ್ರಿ ಕನ್ನಡ ನೈಟ್ ಸ್ಕೂಲು. ರೂಮಿನಲ್ಲಿ ಒಂಬತ್ತು ಜನ. ಒಂಬತ್ತು ಜನಕ್ಕೆ ಸೇರಿ ಒಂದು ಎಚ್‌ಎಂಟಿ ವಾಚು, ಒಂದು ಟೆರಿಲಿನ್ ಪ್ಯಾಂಟು. ಎರಡೂ ಊರಿಗೆ ಹೋಗುವವನಿಗೆ. ಆಗ ಕೊಂಕಣ ರೈಲು ಎಲ್ಲಿತ್ತು? ಅದು ಪೂರ್ತಿ ಆದದ್ದು 1998ರಲ್ಲಿ. ಬಸ್ಸಿನಲ್ಲಿ ಕೂತು ಮೈಕೈ ನೋವು. ಊರು ಹತ್ತಿರ ಬರುವಾಗ ಪ್ಯಾಂಟು ಬದಲಾಯಿಸುವುದು, ವಾಚು ಕಟ್ಟುವುದು. ಒಂದು ಸಲ ನಮ್ಮ ಅತ್ತೆ ನನ್ನ ಕೈ ಹಿಡಿದು ನೋಡಿ, ‘ಇದು ಹೋದ ಮೇ ತಿಂಗಳಲ್ಲಿ ಕೆಳಮನೆ ಹುಡುಗನ ಕೈಲಿದ್ದ ವಾಚಲ್ವಾ?’ ಅಂದರು. ಪಟ್ಟಿಯಲ್ಲಿದ್ದ ಸುಟ್ಟ ಕಲೆಯಿಂದ ಗುರುತು ಹಿಡಿದಿದ್ದರು. ನನಗೆ ಬಾವಿಗೆ ಹಾರುವಷ್ಟು ನಾಚಿಕೆ.

ಸಾಲವೂ ಇತ್ತು. ಪಗಾರದ ದಿನ ಗೇಟಿನ ಹೊರಗೆ ಬಡ್ಡಿಯವ ಕೋಲು ಹಿಡಿದು ನಿಲ್ಲುತ್ತಿದ್ದ. ನಮ್ಮ ಹೋಟೆಲಿನಲ್ಲೂ ಉದ್ರಿ ಪುಸ್ತಕ ಇತ್ತು. 1982ರ ಜನವರಿ 18ಕ್ಕೆ ಕಾರ್ಮಿಕ ನಾಯಕ ದತ್ತಾ ಸಾಮಂತರ ಮಿಲ್ ಮುಷ್ಕರ ಶುರುವಾಯ್ತು. ಎರಡೂವರೆ ಲಕ್ಷದಷ್ಟು ಕಾರ್ಮಿಕರು ಮನೆಯಲ್ಲಿ ಕೂತರು. ಧಣಿ ಮೊದಲ ಮೂರು ತಿಂಗಳು ಬರೆದುಕೊಂಡೇ ಊಟ ಹಾಕಿದರು. ಆಮೇಲೆ ಬರೆಯುವುದು ಬಿಟ್ಟರು, ಊಟವನ್ನೂ ಬಿಟ್ಟರು. ಆ ಪುಸ್ತಕ ಎಷ್ಟೋ ವರ್ಷ ಗಲ್ಲೆಯ ಕೆಳಗೆ ಇತ್ತು, ಕೊನೆಗೆ ರದ್ದಿಗೆ ಹೋಯ್ತು. ಕೊಡಬೇಕಾದವರು ದಾರಿಯಲ್ಲಿ ಸಿಕ್ಕರೆ ತಲೆ ತಗ್ಗಿಸುತ್ತಿದ್ದರು, ಧಣಿಯೂ ಬೇರೆ ಕಡೆ ನೋಡುತ್ತಿದ್ದರು. ಈಗಿನ ಸಾಲಕ್ಕೆ ಮುಖ ಇಲ್ಲ, ಅದು ಬೇರೆ ಕಡೆ ನೋಡುವುದಿಲ್ಲ.

ಫೀನಿಕ್ಸ್ ಮಿಲ್ಲು ಈಗ ಮಾಲ್ ಆಗಿದೆ. ಚಿಮಣಿ ಮಾತ್ರ ಹಾಗೇ ಇಟ್ಟಿದ್ದಾರೆ. ಮೊಮ್ಮಗಳು ಒಂದು ದಿನ ಕರೆದುಕೊಂಡು ಹೋಗಿದ್ದಳು. ಕಾಫಿಯ ರೇಟು ನೋಡಿ ನೀರು ಕುಡಿದು ಬಂದೆ.

ಧಾರಾವಿ, 13 ಕಾಂಪೌಂಡ್

ನಮ್ಮದು ಕಲಬುರಗಿ ಕಡೆ. ಇಲ್ಲಿ ಪ್ಲಾಸ್ಟಿಕ್ ಬೇರೆ ಬೇರೆ ಮಾಡೋ ಕೆಲಸ. ಯಾವ ಜಾತಿ ಪ್ಲಾಸ್ಟಿಕ್ ಅಂತ ಗೊತ್ತಾಗದಿದ್ದರೆ ತುದಿ ಸುಟ್ಟು ವಾಸನೆ ನೋಡ್ತೀವಿ. ದೀಪಾವಳಿ ಆದ ಮೇಲೆ ನೀವು ಬಿಸಾಡಿದ ಮಾಲು ಗೋಣಿಗಟ್ಟಲೆ ಬರುತ್ತದೆ, ಫೋನಿನ ಕವರು, ಆಟಿಕೆ, ಎಷ್ಟೋ ಮುರಿದೂ ಇರುವುದಿಲ್ಲ. ನನ್ನ ಮಗ ಅದರಿಂದಲೇ ಒಂದು ಕಾರು ಆರಿಸಿಕೊಂಡ. ಈಗ ಅವನಿಗೂ ಡಬ್ಬಿಯಲ್ಲಿ ಬಂದ ಹೊಸದೇ ಬೇಕಂತೆ. ಸಲಹೆ ಅಂತ ನನ್ನ ಹತ್ತಿರ ಏನಿಲ್ಲ. ಕಂತು ಮುಗಿಯುವ ತನಕ ಆ ಫೋನನ್ನು ಜೋಪಾನ ಮಾಡಿ.

ಡೊಂಬಿವಲಿ

ಯಾರಾದರೂ ಭಿಶಿಗೆ, ಅಂದರೆ ನಮ್ಮ ಊರಿನ ಚೀಟಿಯ ಹಾಗಿನದಕ್ಕೆ, ಸೇರು ಅಂದರೆ ಈಗ ಸೇರಬೇಡ. ನಮ್ಮ ಹತ್ತು ಹೆಂಗಸರ ಭಿಶಿ, ತಿಂಗಳಿಗೆ ತಲಾ 2,000. ಮೊದಲು ಮಕ್ಕಳ ಫೀಸಿಗೆ ಎತ್ತುತ್ತಿದ್ದೆವು, ಈಗ ಬರ್ತ್‌ಡೇಗೆ ಎತ್ತುತ್ತಾರೆ. ಬಂದ ಮಕ್ಕಳಿಗೆಲ್ಲ ರಿಟರ್ನ್ ಗಿಫ್ಟ್ ಬೇರೆ. ಕಳೆದ ವರ್ಷ ನಾನೂ ಮಾಡಿದೆ, ಯಾಕೆ ಮಾಡಿದೆ ಅಂತ ಇವತ್ತಿಗೂ ಗೊತ್ತಿಲ್ಲ.

ತಮ್ಮಾ, ಇವರೆಲ್ಲ ಲೆಕ್ಕ ಹೇಳಿದರು. ನಿನ್ನ ಲೆಕ್ಕ ನೀನು ಅಮ್ಮನಿಗೆ ಹೇಳಿದ್ದೀಯಾ? ಇವತ್ತೇ ಫೋನ್ ಮಾಡು. ಮದುವೆ ಮನೆಯಲ್ಲಿ ಗೊತ್ತಾಗುವುದಕ್ಕಿಂತ ಈಗ ಗೊತ್ತಾಗುವುದು ಒಳ್ಳೆಯದು.

ಕೇಳಿದವನು

ಎಲ್ಲರಿಗೂ ಥ್ಯಾಂಕ್ಸ್. ಕಾರ್ಡಿನ ಸ್ಟೇಟ್‌ಮೆಂಟ್ ತೆಗೆದು ನೋಡಿದೆ, 365 ಕೂಡ ಇಲ್ಲ, 340.

ನಿನ್ನೆ ರಾತ್ರಿ ಅಮ್ಮನಿಗೆ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಬೈತಾಳೆ ಅಂದುಕೊಂಡೆ. ಆಮೇಲೆ ಮೆಲ್ಲಗೆ, ‘ಫ್ರಿಜ್ಜು ಇದೆಯಲ್ಲ, ಅದು ಸಂಘದ ಸಾಲದಲ್ಲಿ ತಗೊಂಡದ್ದು ಮಗಾ’ ಅಂದಳು. ನೀನು ಕಳಿಸಿದ ದುಡ್ಡಲ್ಲಿ ತಗೊಂಡೆ ಅಂತ ಆಗ ನನಗೆ ಹೇಳಿದ್ದಳು. ಊರಲ್ಲೂ ಹಾಗೇ ಹೇಳಿದ್ದಾಳೆ. ಅಕ್ಕನನ್ನು ನೋಡಲು ಬರುವವರ ಕಣ್ಣಿಗೆ ಬೀಳಲಿ ಅಂತ ಜಗಲಿಯಲ್ಲೇ ಇಟ್ಟಿದ್ದರಂತೆ. ನಾನು ದುಡ್ಡು ಕಳಿಸದ ಮೂರು ತಿಂಗಳೂ ವಾರದ ಕಂತು ಹೇಗೆ ಕಟ್ಟಿದೆ ಅಂತ ಕೇಳಿದೆ. ‘ಅದೆಲ್ಲ ಈಗ ಯಾಕೆ’ ಅಂದಳು.

ಬೈಕ್ ಮಾರುತ್ತಿದ್ದೇನೆ. ಏಳು ಕಂತು ಬಾಕಿ ಇದೆ, ಲೋನ್ ಮುಗಿಸಿ, ಸಾಲ ಬಾಕಿ ಇಲ್ಲ ಅನ್ನುವ ಎನ್‌ಒಸಿ ಪತ್ರ ತಗೊಂಡೇ ಕೊಡುತ್ತೇನೆ. ಜೋಗೇಶ್ವರಿ, ಗೋರೆಗಾಂವ್ ಕಡೆ ಯಾರಿಗಾದರೂ ಬೇಕಿದ್ದರೆ ಹೇಳಿ. ಭಾನುವಾರ ಬಂದು ನೋಡಬಹುದು, ಆದರೆ ದಯವಿಟ್ಟು ಒಬ್ಬರೇ ಬರಬೇಡಿ, ಒಬ್ಬ ಗೆಳೆಯನನ್ನು ಕರೆದುಕೊಂಡು ಬನ್ನಿ.