ಮಾವ ಊರಿಗೆಲ್ಲ ದೇವರಂಥವರು, ಮನೇಲಿ ಮಾತೇ ಇಲ್ಲ. ಇದಕ್ಕೇನಾ ನಾರ್ಸಿಸಿಸಂ ಅನ್ನೋದು?

ಜಯನಗರದ_ಸೊಸೆ:
ಮದುವೆಯಾಗಿ ಆರು ವರ್ಷ, ಅತ್ತೆ ಮಾವನ ಜೊತೆಯೇ ಇದ್ದೇವೆ. ಮಾವ ರಿಟೈರ್ ಆದ ಮೇಲೆ ನಮ್ಮ ರಸ್ತೆಯ ನಿವಾಸಿಗಳ ಸಂಘದ ಅಧ್ಯಕ್ಷರು. ಮೋರಿ ಕಟ್ಟಿಕೊಂಡರೆ, ಬೀದಿದೀಪ ಕೆಟ್ಟರೆ ಎಲ್ಲರೂ ಅವರಿಗೇ ಫೋನ್ ಮಾಡುತ್ತಾರೆ. ಅವರೂ ಓಡುತ್ತಾರೆ, ಸುಳ್ಳು ಹೇಳಬಾರದು. ಪಾರ್ಕಿನಲ್ಲಿ ಅವರು ನಕ್ಕರೆ ನಮ್ಮ ಮಹಡಿಗೆ ಕೇಳುತ್ತದೆ. ಗೇಟಿನ ಚಿಲಕ ತೆಗೆಯುವ ಹೊತ್ತಿಗೆ ಆ ನಗು ಇರುವುದಿಲ್ಲ.

ಹೋದ ಭಾನುವಾರ ಅತ್ತೆ ಕಾಫಿ ಕೊಟ್ಟರು. ಮಾವ ಲೋಟವನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಫೋಟೋ ತೆಗೆದರು. 'ನನ್ನಾಕೆಯ ಕೈಗುಣ' ಅಂತ ಬರೆದು ಸಂಘದ ವಾಟ್ಸಾಪ್ ಗ್ರೂಪಿಗೆ ಹಾಕಿದರು. ಆಮೇಲೆ ಒಂದು ಗುಟುಕು ಕುಡಿದರು. ಡಿಕಾಕ್ಷನ್ ತೆಳು ಅಂತ ಬಾಯಿಬಿಟ್ಟು ಹೇಳಲೂ ಇಲ್ಲ, ಪೂರ್ತಿ ಸಿಂಕಿಗೆ ಸುರಿದರು. ಅತ್ತೆ ಇನ್ನೊಂದು ಲೋಟ ಮಾಡಲು ಎದ್ದರು. ಅಷ್ಟರಲ್ಲಿ ಫೋನು ಟಣ್ ಟಣ್ ಅನ್ನುತ್ತಿತ್ತು.

ಗಂಡನನ್ನು ಕೇಳಿದರೆ "ಅಪ್ಪ ಇರೋದೇ ಹಾಗೆ" ಅಂತಾರೆ. ಯೂಟ್ಯೂಬ್ ನೋಡ್ತಾ ನಾರ್ಸಿಸಿಸಂ ಅನ್ನೋ ಪದ ಸಿಕ್ಕಿತು, ತನ್ನ ಮೇಲೆಯೇ ಅತಿಯಾದ ಮೋಹ ಅಂತೆ. ಮಾವ ಅದೇನಾ?

ಬೆಣ್ಣೆದೋಸೆ:
ಮನೆಗೆ ಮಾರಿ, ಊರಿಗೆ ಉಪಕಾರಿ. ನಮ್ಮಜ್ಜಿಗೆ ಯೂಟ್ಯೂಬ್ ಇಲ್ಲದೇ ಗೊತ್ತಿತ್ತು! ಆದರೆ ಮೇಡಂ, ಎಲ್ಲರಿಗೂ ಎರಡು ಮುಖ ಇರುತ್ತೆ ಅಲ್ವಾ? ನಾನೂ ಆಫೀಸಿನಲ್ಲಿ ದಿನವೆಲ್ಲಾ ಹಲ್ಲು ಕಿರೀತೀನಿ. ಸಿಲ್ಕ್ ಬೋರ್ಡ್ ದಾಟಿ ಮನೆ ಸೇರಿದ ಮೇಲೆ ಹ್ಞೂಂ ಅನ್ನೋಕೂ ಶಕ್ತಿ ಇರಲ್ಲ. ಸುಮ್ನೆ ಒಂದು ರೋಗದ ಹೆಸರು ಅಂಟಿಸಬೇಡಿ.

ಕೌನ್ಸೆಲರ್_ಅಕ್ಕ:
ನನ್ನ ಕೆಲಸವೇ ಇದು, ಆದರೂ ಮನುಷ್ಯನನ್ನು ನೋಡದೆ ಹೆಸರು ಹೇಳೋಕೆ ಆಗಲ್ಲ. ಅಮೆರಿಕದ ಮನೋವೈದ್ಯರ ಡಿಎಸ್‌ಎಂ ಕೈಪಿಡಿಗೆ ಇದು ವ್ಯಕ್ತಿತ್ವದ ಒಂದು ತೊಂದರೆಯಾಗಿ 1980ರಲ್ಲಿ ಸೇರಿತು. ಈಗ ಅದರಲ್ಲಿ 9 ಲಕ್ಷಣ ಕೊಟ್ಟಿದ್ದಾರೆ. ಕನಿಷ್ಠ 5 ಇರಬೇಕು, ಅದೂ ಪ್ರಾಯಕ್ಕೆ ಬಂದಾಗಿನಿಂದ. ಹೊಗಳಿಕೆಯ ಹಸಿವು ಅವುಗಳಲ್ಲಿ ಒಂದು, ಅಷ್ಟೇ. ನಾನು ಜಾಸ್ತಿ ನೋಡೋದು ಬೇರೆ. ಎದುರಿಗಿರುವವರ ಕಷ್ಟ ಅವರಿಗೆ ನಾಟುತ್ತಾ? ಸುಸ್ತಾದವರು ಮಾತಾಡಲ್ಲ, ಸರಿ. ಆದರೆ ಹೆಂಡತಿಗೆ ಜ್ವರ ಬಂದರೆ ಎದ್ದು ಬರ್ತಾರೆ. ನಿಮ್ಮ ಮಾವ?

ಜಯನಗರದ_ಸೊಸೆ:
ಜ್ವರ ಬಿಡಿ ಅಕ್ಕಾ, ಕಣ್ಣಿನ ವಿಷಯ ಹೇಳ್ತೀನಿ. ಅತ್ತೆಯ ಎಡಗಣ್ಣಿಗೆ ಪೊರೆ. ಅಕ್ಕಿ ಆರಿಸುವಾಗ ಕಲ್ಲನ್ನು ಬೆರಳಲ್ಲೇ ತಡವಿ ಹುಡುಕುತ್ತಾರೆ. ಹೋದ ವರ್ಷ ಮಾವ ಸಂಘದಿಂದ ಕಣ್ಣಿನ ಶಿಬಿರ ಮಾಡಿಸಿದರು, ಬ್ಯಾನರ್, ಶಾಲು, ಹಾರ ಎಲ್ಲ ಇತ್ತು. "ನಾನೂ ಬರ್ಲಾ?" ಅಂದರು ಅತ್ತೆ. "ಅಧ್ಯಕ್ಷರ ಹೆಂಡತಿ ಪುಕ್ಕಟೆ ಸಾಲಲ್ಲಿ ನಿಂತ್ರೆ ಜನ ಏನಂದ್ಕೋತಾರೆ?" ಬೇರೆ ಆಸ್ಪತ್ರೆಗೂ ಕರೆದುಕೊಂಡು ಹೋಗಲಿಲ್ಲ.

ಬೆಣ್ಣೆದೋಸೆ:
ನನ್ನ ಮಾತು ವಾಪಸ್ ತಗೊಂಡೆ.

ಕೌನ್ಸೆಲರ್_ಅಕ್ಕ:
ಮಾವ ಏನು ಅನ್ನೋದು ಆಮೇಲೆ. ಮೊದಲು ಕಣ್ಣು. ಅವರು ಹ್ಞೂಂ ಅನ್ನಲಿ ಅಂತ ಕಾಯಬೇಡಿ. ಜಯನಗರದಿಂದ ಹಸಿರು ಮೆಟ್ರೋದಲ್ಲಿ ನಾಲ್ಕನೇ ಸ್ಟಾಪು ಕೆ.ಆರ್. ಮಾರ್ಕೆಟ್, ಮಿಂಟೋ ಕಣ್ಣಿನ ಆಸ್ಪತ್ರೆ ಅಲ್ಲಿಗೆ ಹತ್ತಿರ. ಮನಸ್ಸು ಭಾರವಾದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ. ಅತ್ತೆಗಷ್ಟೇ ಅಲ್ಲ, ನಿಮಗೂ ಹೇಳ್ತಿದ್ದೀನಿ.

ಜಯನಗರದ_ಸೊಸೆ:
ಒಂದು ತಿಂಗಳಾದ ಮೇಲೆ ಬರೀತಿದ್ದೀನಿ. ಆಪರೇಷನ್ ಆಯ್ತು. ಮಾವ ಹತ್ತು ನಿಮಿಷ ಬಂದು ಹೋದರು. ಗ್ರೂಪಿನಲ್ಲಿ ಇಬ್ಬರ ಫೋಟೋ, 'ಬಾಳಸಂಗಾತಿಯ ಸೇವೆಯಲ್ಲಿ' ಅಂತ. ಮೊನ್ನೆ ಅದನ್ನು ಅತ್ತೆಗೆ ತೋರಿಸಿದೆ. ಕಪ್ಪು ಕನ್ನಡಕ ಮೇಲೆತ್ತಿ, ಫೋನನ್ನು ಹತ್ತಿರ ಹಿಡಿದು, ತುಂಬಾ ಹೊತ್ತು ನೋಡಿದರು. "ಇವರ ತಲೆಗೆ ಹಚ್ಚಿದ ಬಣ್ಣ ಬುಡದಲ್ಲಿ ಬಿಟ್ಟಿದೆ ಕಣೇ" ಅಂದರು.