ವೆಲ್ವೆಟ್ ವರ್ಮ್: ಮಕಮಲ್ಲು ಹುಳು ಎನ್ನಬಹುದೇ?

ಬಲ್ಲವರಲ್ಲಿ ಒಂದು ಕೇಳಿಕೆ.

ಕೋಸ್ಟರಿಕಾದ ಮಳೆಕಾಡಿನಲ್ಲಿ ನನ್ನ ತಂಗಿ ರಾತ್ರಿ ಹೊತ್ತು ತೆಗೆದ ಫೋಟೋಗಳಿಗೆ ಕನ್ನಡದಲ್ಲಿ ಅಡಿಬರಹ ಬರೆದುಕೊಡುತ್ತೇನೆಂದು ಒಪ್ಪಿ ಸಿಕ್ಕಿಬಿದ್ದಿದ್ದೇನೆ. ಕೊಳೆತ ದಿಮ್ಮಿಯ ಮೇಲೆ ಬೆರಳುದ್ದದ ಪ್ರಾಣಿ. ಎರಡು ಮೀಸೆ, ಮೊಂಡುಗಾಲುಗಳ ಸಾಲು, ಬೆನ್ನ ಮೇಲೆ ಇಂಗದೆ ಕೆಸುವಿನೆಲೆಯ ಮೇಲಿನಂತೆ ನಿಂತ ನೀರಹನಿ. ಇಂಗ್ಲಿಷಿನಲ್ಲಿ ಇದು ವೆಲ್ವೆಟ್ ವರ್ಮ್.

ಮೊದಲು ‘ಮಕಮಲ್ಲು ಹುಳು’ ಎಂದು ಬರೆದೆ. ಕಂಬಳಿಹುಳು, ರೇಷ್ಮೆಹುಳು, ಜರಿ ಎಲ್ಲ ಇರುವ ನಮ್ಮ ಜವಳಿ ಅಂಗಡಿಯಲ್ಲಿ ಮಕಮಲ್ಲಿಗೂ ಜಾಗವಿದೆ. ಆದರೆ ಮೊದಲ ಮಳೆಗೆ ನೆಲದಿಂದೇಳುವ ಕೆಂಪು ಇಂದ್ರಗೋಪದ ಮೈಯೂ ಮಕಮಲ್ಲೇ. ಓದುವವರ ಮನಸ್ಸು ಅತ್ತ ಹೋದರೆ ಕೆಟ್ಟಿತು. ಅದು ನುಸಿಯ ಬಳಗದ್ದು. ಇದೋ, ಸುಮಾರು 50 ಕೋಟಿ ವರ್ಷಗಳ ಹಿಂದಿನ ಕಡಲ ಪಳೆಯುಳಿಕೆಗಳಲ್ಲಿ ನಂಟರನ್ನು ಬಿಟ್ಟುಬಂದ ಬೇರೆಯದೇ ವಂಶ.

‘ಹುಳು’ ತಪ್ಪು, ಇದು ಕೀಟವಲ್ಲ ಎಂದು ತಂಗಿಯ ತಕರಾರು. ನಾನು ಒಪ್ಪುವುದಿಲ್ಲ. ಎರೆಹುಳುವನ್ನೂ ಬಸವನಹುಳುವನ್ನೂ ಒಂದೇ ಮಾತಿನಲ್ಲಿ ಕರೆಯುವ ಕನ್ನಡಕ್ಕೆ ಇದು ಭಾರವೇ? ಇದನ್ನು 1826ರಲ್ಲಿ ಮೊದಲು ವಿವರಿಸಿದ ಗಿಲ್ಡಿಂಗ್ ಪಾದ್ರಿಯೇ ಕಾಲುಳ್ಳ ಮೃದ್ವಂಗಿ, ಅಂದರೆ ಬಸವನಹುಳುವಿನ ಬಳಗದ್ದು ಎಂದುಕೊಂಡಿದ್ದರು. ಗುಂಪಿನ ಹೆಸರು ಓನಿಕೊಫೋರಾ. ಪ್ರತಿ ಪಾದದಲ್ಲೂ ಉಗುರಿರುವುದರಿಂದ ‘ಉಗುರು ಹೊತ್ತದ್ದು’ ಎಂಬ ಅರ್ಥ. ‘ನಖಧಾರಿ’ ಎಂದು ಬರೆದು ನೋಡಿದೆ. ನರಸಿಂಹ ಕಣ್ಣ ಮುಂದೆ ಬಂದ, ಹೊಡೆದುಹಾಕಿದೆ.

ನಿಜವಾಗಿ ತಲೆ ತಿನ್ನುತ್ತಿರುವುದು ಇನ್ನೊಂದು ಪದ. ಬೇಟೆ ಎದುರಾದರೆ ಇದು ಬಾಯಿಯ ಎರಡು ಪಕ್ಕದ ಕೊಳವೆಗಳಿಂದ ದ್ರವ ಚಿಮ್ಮಿಸುತ್ತದೆ. ಎರಡೂ ಎಳೆಗಳು ಅತ್ತಿತ್ತ ತೂಗಾಡುತ್ತ ಬಲೆಯಂತೆ ಬೀಳುತ್ತವೆ, ಬಿದ್ದಮೇಲೆ ಬಿಗಿಯುತ್ತವೆ. ಒಂದು ಫೋಟೋದಲ್ಲಿ ಮಿಡತೆಯೊಂದು ಬಿಳಿ ದಾರದಲ್ಲಿ ಹೊಲಿದಂತೆ ದಿಮ್ಮಿಗೆ ಅಂಟಿದೆ. ಈ ದ್ರವಕ್ಕೆ ಇಂಗ್ಲಿಷಿನಲ್ಲಿರುವ ‘ಸ್ಲೈಮ್’ ಎಂಬ ಪದಕ್ಕೆ ನಿಘಂಟು ‘ಲೋಳೆ’ ಎನ್ನುತ್ತದೆ. ಲೋಳೆ ಜಾರುತ್ತದೆ, ಕಟ್ಟಿಹಾಕುವುದಿಲ್ಲ. ಹಲಸು ಬಿಡಿಸಿದವರಿಗೆ ಗೊತ್ತಿರುವ ‘ಮೇಣ’ ಹತ್ತಿರವಾಗುತ್ತದೆ, ಆದರೆ ಊರ ಹೊರಗೆ ಮೇಣವೆಂದರೆ ಮೇಣದಬತ್ತಿ. ‘ಸೊನೆ’ ಎಂದರೆ ಮಾವಿನಕಾಯಿಯ ತೊಟ್ಟೇ ನೆನಪಾಗುತ್ತದೆ. ಸದ್ಯಕ್ಕೆ ‘ಅಂಟು ಉಗುಳುತ್ತದೆ’ ಎಂದಿದ್ದೇನೆ.

ಭಾರತದಲ್ಲೂ ಇದರ ಒಂದು ಜಾತಿಯಿದೆ, ಮೈಮೇಲೆ ಕಣ್ಣುಗಳೇ ಕಾಣಿಸದ್ದು. 1911ರಲ್ಲಿ ಅರುಣಾಚಲ ಪ್ರದೇಶದ ಸಿಯಾಂಗ್ ಕಣಿವೆಯಲ್ಲಿ ಸಿಕ್ಕಿತ್ತು. ನೂರು ವರ್ಷ ದಾಟಿದ ಮೇಲೆ ಬೆಂಗಳೂರಿನ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯ ಸಂಶೋಧಕರು ಅಲ್ಲೇ ಮತ್ತೆ ಕಂಡರು. ಅವರಾಗಲೀ ಬೇರೆ ಯಾರೇ ಆಗಲಿ ಕನ್ನಡದಲ್ಲಿ ಏನೆಂದು ಬರೆದಿದ್ದಾರೆ? ಮಲೆನಾಡಿನವರಲ್ಲಿ ಮೇಣಕ್ಕೂ ಲೋಳೆಗೂ ನಡುವಿನ ಮಾತು ಇದ್ದರೆ ಅದನ್ನೂ ತಿಳಿಸಿ.