ಪೋರ್ಟ್ ಮಾಡಿದ ಬ್ಲಾಸ್ಟರ್‌ಗೆ 28 ಸಾಕಾ, 35 ಬೇಕಾ?

ಮಣ್ಣಿನ ದಾರಿ:
ನನ್ನದು ಯಮಹಾ ಬ್ಲಾಸ್ಟರ್ 200, ಟೂ-ಸ್ಟ್ರೋಕ್ ಎಂಜಿನ್‌ನ ನಾಲ್ಕು ಚಕ್ರದ ಎಟಿವಿ. ಸಿಲಿಂಡರ್ ಪೋರ್ಟ್ ಮಾಡಿಸಿದ್ದೇನೆ, ಅಂದರೆ ಗಾಳಿ, ಹೊಗೆ ಹೋಗುವ ಕಿಂಡಿಗಳನ್ನು ತಿದ್ದಿಸಿದ್ದೇನೆ. ಎಕ್ಸ್‌ಪ್ಯಾನ್ಶನ್ ಪೈಪ್ (ಎಕ್ಸಾಸ್ಟ್), ಹೊಸ ರೀಡ್ ಕೇಜ್ (ಇನ್‌ಟೇಕ್ ಕವಾಟ) ಹಾಕಿ, ಏರ್‌ಬಾಕ್ಸ್ ಮುಚ್ಚಳ ತೆಗೆದಿದ್ದೇನೆ. ಪೆಟ್ರೋಲ್, ಗಾಳಿ ಬೆರೆಸುವ ಕಾರ್ಬ್ (ಕಾರ್ಬ್ಯುರೇಟರ್) ಮಾತ್ರ ಗಾಡಿ ಜೊತೆ ಬಂದ 26 ಎಂಎಂ ಮಿಕುನಿ. ಕಾಲು ಭಾಗ ಥ್ರಾಟಲ್‌ನಲ್ಲಿ ಮುಗ್ಗರಿಸುತ್ತದೆ, ಆಮೇಲೆ ಒಮ್ಮೆಲೇ ಎಳೆಯುತ್ತದೆ. ಥ್ರಾಟಲ್ ಬಿಟ್ಟ ಮೇಲೂ ಆರ್‌ಪಿಎಂ ಬೇಗ ಇಳಿಯುವುದಿಲ್ಲ. ಕೈಹಿನ್ ಪಿಡಬ್ಲ್ಯುಕೆ ಕಾರ್ಬ್ ಹಾಕೋಣ ಅಂತಿದ್ದೇನೆ. 28 ಎಂಎಂ ತಗೊಳ್ಳಲಾ, 35 ತಗೊಳ್ಳಲಾ? ಓಡಿಸುವುದು ಜಾಸ್ತಿ ಮರಗಳ ನಡುವಿನ ಇಕ್ಕಟ್ಟು ದಾರಿಯಲ್ಲಿ.

ಪೂರ್ತಿ ಥ್ರಾಟಲ್:
35 ಹಾಕಿ. 125 ಸಿಸಿ ಮೋಟೋಕ್ರಾಸ್ ಬೈಕ್‌ಗಳಿಗೇ 36, 38 ಎಂಎಂ ಕಾರ್ಬ್ ಇರುತ್ತದೆ. ನಿಮ್ಮದು 195 ಸಿಸಿ, ಅದೂ ಪೋರ್ಟ್ ಆಗಿದೆ. ಈಗ ಚಿಕ್ಕದು ತಗೊಂಡರೆ ನಾಳೆ ಮತ್ತೆ ಬದಲಾಯಿಸಬೇಕಾಗುತ್ತದೆ.

ಹಳೇ ಸ್ಪ್ಯಾನರ್:
ಆ 125ಗಳು ಶಕ್ತಿ ಕೊಡುವುದು 11,000 ಆರ್‌ಪಿಎಂ ಆಸುಪಾಸಿನಲ್ಲಿ. ಓಡಿಸುವವನು ಪ್ರತಿ ತಿರುವಿನಲ್ಲೂ ಕ್ಲಚ್ ಜಾರಿಸಿಕೊಂಡು ಎಂಜಿನ್‌ನ ಉಸಿರು ಇಳಿಯದ ಹಾಗೆ ನೋಡಿಕೊಳ್ಳುತ್ತಾನೆ. ಬ್ಲಾಸ್ಟರ್ ಅಲ್ಲಿಗೆ ಹೋಗುವ ಎಂಜಿನ್ ಅಲ್ಲ.

ಲೆಕ್ಕ ಹಾಕಿ ನೋಡಿ. 28ಕ್ಕಿಂತ 35ರ ಬಾಯಿ ಸುಮಾರು 56 ಶೇಕಡ ದೊಡ್ಡದು. ಕಾರ್ಬ್ ಪೂರ್ತಿ ತೆರೆದಾಗ ಎಂಜಿನ್ ಎಳೆಯುವ ಗಾಳಿ ಅಷ್ಟೇ ಇದ್ದರೆ ಅದರ ವೇಗ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಬೀಳುತ್ತದೆ. ಪೆಟ್ರೋಲನ್ನು ಜೆಟ್‌ನಿಂದ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನಿಂದ) ಮೇಲಕ್ಕೆ ಎಳೆಯುವುದೇ ಆ ವೇಗ. ಇಕ್ಕಟ್ಟು ದಾರಿಯಲ್ಲಿ ಕಡಿಮೆ ಆರ್‌ಪಿಎಂನಿಂದ ಥ್ರಾಟಲ್ ಒತ್ತಿದ ಕೂಡಲೇ ಗಾಳಿ ಬರುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಗಾಡಿ ಓಡಿಸೋಕೆ ಬೇಜಾರು. ಯಮಹಾದ್ದೇ ಎರಡು ಸಿಲಿಂಡರಿನ ಬ್ಯಾನ್ಶೀ 350ರಲ್ಲೂ ಕಂಪನಿ ಒಂದೊಂದು ಸಿಲಿಂಡರಿಗೆ ಕೊಟ್ಟಿದ್ದು 26 ಎಂಎಂ.

ರೀಡ್ ಕೇಜ್:
ಕಾರ್ಬ್ ಮಾತು ಆಮೇಲೆ. "ಆರ್‌ಪಿಎಂ ಬೇಗ ಇಳಿಯುವುದಿಲ್ಲ" ಅಂದಿರಲ್ಲ, ನನಗೆ ಅದೇ ಹೆದರಿಕೆ. ಎಲ್ಲೋ ಕಳ್ಳಗಾಳಿ ನುಗ್ಗುತ್ತಿದೆ. ಇನ್‌ಟೇಕ್ ರಬ್ಬರ್, ರೀಡ್ ಗ್ಯಾಸ್ಕೆಟ್, ಕ್ರ್ಯಾಂಕ್ ಸೀಲ್, ಈ ಮೂರರಲ್ಲಿ ಒಂದಿರಬೇಕು. ಎಕ್ಸಾಸ್ಟ್ ಮತ್ತು ಇನ್‌ಟೇಕ್ ಬಾಯಿ ಮುಚ್ಚಿ. 6 ಪಿಎಸ್‌ಐ ಗಾಳಿ ತುಂಬಿ 6 ನಿಮಿಷ ಕಾಯಿರಿ. ಗೇಜ್ ಮುಳ್ಳು ಇಳಿದರೆ ಸೋಪಿನ ನೀರು ಹಚ್ಚಿ ಗುಳ್ಳೆ ಹುಡುಕಿ. ಮ್ಯಾಗ್ನೆಟೋ ಕವರ್ ಬಿಚ್ಚಿ ಸೀಲ್ ಸುತ್ತಲೂ ನೋಡಲೇಬೇಕು.

ಇದನ್ನು ಮಾಡದೆ ನಾನು ಒಂದು ಪಿಸ್ಟನ್ ಕಳೆದುಕೊಂಡೆ. ಲೀನ್ (ಗಾಳಿಗೆ ಪೆಟ್ರೋಲ್ ಕಡಿಮೆ) ಅಂತ ಗೊತ್ತಾಗಿ ಮೇನ್ ಜೆಟ್ ಏರಿಸುತ್ತಲೇ ಹೋದೆ. ಗಾಡಿ ಚೆನ್ನಾಗೇ ಓಡಿತು. ಒಂದು ಚಳಿಯ ಬೆಳಿಗ್ಗೆ ನಾಲ್ಕನೇ ಗೇರ್‌ನಲ್ಲಿ ಹಿಂದಿನ ಚಕ್ರ ಹಾಗೇ ಬಿಗಿದು ನಿಂತಿತು. ಬಿಚ್ಚಿ ನೋಡಿದರೆ ಎಕ್ಸಾಸ್ಟ್ ಕಡೆ ಅಲ್ಯುಮಿನಿಯಂ ಬೆಣ್ಣೆ ಸವರಿದ ಹಾಗೆ ಸಿಲಿಂಡರ್ ಗೋಡೆಗೆ ಮೆತ್ತಿಕೊಂಡಿತ್ತು. ತಣ್ಣನೆಯ ಗಾಳಿ ದಟ್ಟ, ಅದರಲ್ಲಿ ಮಿಶ್ರಣ ಇನ್ನೂ ಲೀನ್ ಆಗುತ್ತದೆ. ಸೀಲ್ ಸೋರುತ್ತಿರುವಾಗ ಮಾಡಿದ ಜೆಟ್ಟಿಂಗ್ ನಂಬಬೇಡಿ.

ಮಣ್ಣಿನ ದಾರಿ:
ಸರಿ, ಟೆಸ್ಟ್ ಮಾಡುತ್ತೇನೆ. ಇನ್ನೊಂದು ವಿಷಯ. ಪೆಟ್ರೋಲ್‌ಗೆ ಎಣ್ಣೆ ಜಾಸ್ತಿ ಹಾಕಿದರೆ ಸೇಫ್ ಅಂತ 40:1 ಬಿಟ್ಟು 24:1 ಮಾಡಿದ್ದೆ. ಅದರಿಂದ ರಿಚ್ (ಪೆಟ್ರೋಲ್ ಜಾಸ್ತಿ) ಆಗಿರಬಹುದಾ?

ಹಳೇ ಸ್ಪ್ಯಾನರ್:
ಉಲ್ಟಾ. ಜೆಟ್ ತೂತಿನಲ್ಲಿ ಎಣ್ಣೆ ಜಾಸ್ತಿ ಹೋದಷ್ಟೂ ಪೆಟ್ರೋಲ್ ಕಡಿಮೆ ಹೋಗುತ್ತದೆ, ಅಂದರೆ ಸ್ವಲ್ಪ ಲೀನ್. ಮೊದಲು ಒಂದು ಅನುಪಾತಕ್ಕೆ ನಿಲ್ಲಿ, ಜೆಟ್ ಆಮೇಲೆ ಹುಡುಕಿ.

ಸ್ಲೈಡು ನೀಡಲ್ಲು:
28ಕ್ಕೆ ನನ್ನದೂ ಒಂದು ಓಟು. ಆದರೆ ನಿಮ್ಮ ಮಿಕುನಿಯ ಮೇನ್ ಜೆಟ್ ನಂಬರ್ ನೋಡಿಕೊಂಡು ಕೈಹಿನ್ ಜೆಟ್ ತರಬೇಡಿ. ಮಿಕುನಿಯ ಆರು ಮೂಲೆಯ ಜೆಟ್ ನಂಬರ್ ಹರಿವಿನ ಲೆಕ್ಕ, ಕೈಹಿನ್‌ದು ತೂತಿನ ಅಳತೆ. 145 ಅಂದರೆ 1.45 ಎಂಎಂ. ಎರಡಕ್ಕೂ ಸಂಬಂಧವೇ ಇಲ್ಲ.

ಕಾಲು ಥ್ರಾಟಲ್‌ನ ಮುಗ್ಗರಿಕೆಗೆ ಮೇನ್ ಜೆಟ್ ಮುಟ್ಟಬೇಡಿ, ಅದರ ಕೆಲಸ ಮುಕ್ಕಾಲು ದಾಟಿದ ಮೇಲೆ. ಹೆಬ್ಬೆರಳ ಥ್ರಾಟಲ್ ಪಕ್ಕ ಒಂದು ತುಂಡು ಟೇಪ್ ಅಂಟಿಸಿ. ಕಾಲು, ಅರ್ಧ, ಮುಕ್ಕಾಲು ಅಂತ ಗೆರೆ ಎಳೆಯಿರಿ. ಎಲ್ಲಿ ಮುಗ್ಗರಿಸುತ್ತದೆ ಅಂತ ಕಣ್ಣಿಗೇ ಕಾಣುತ್ತದೆ. ಅಲ್ಲೇ ಹಿಡಿದು ಚೋಕ್ ಸ್ವಲ್ಪ ಎಳೆಯಿರಿ. ಸುಧಾರಿಸಿದರೆ ಲೀನ್, ಕೆಟ್ಟರೆ ರಿಚ್.

ಎಂಜಿನ್ ಬಿಸಿಯಾದ ಮೇಲೆ ಏರ್ ಸ್ಕ್ರೂ ತಿರುಗಿಸಿ ಐಡಲ್ ಅತಿ ಜಾಸ್ತಿ ಆಗುವ ಜಾಗ ಹಿಡಿಯಿರಿ. ಪೂರ್ತಿ ಮುಚ್ಚಿದಲ್ಲಿಂದ ಒಂದು ಸುತ್ತಿನೊಳಗೇ ಸಿಕ್ಕಿದರೆ ಪೈಲಟ್ ಜೆಟ್ (ಐಡಲ್‌ಗೆ ಪೆಟ್ರೋಲ್ ಕೊಡುವ ಜೆಟ್) ಚಿಕ್ಕದು, ಎರಡೂವರೆ ದಾಟಿದರೆ ದೊಡ್ಡದು. ಪೈಲಟ್ ಕೂತ ಮೇಲೆ ನೀಡಲ್. ಅದರ ಕ್ಲಿಪ್ ಒಂದು ಕಚ್ಚು ಕೆಳಗಿಳಿಸಿದರೆ ನೀಡಲ್ ಮೇಲೇರುತ್ತದೆ, ಮಧ್ಯದ ಥ್ರಾಟಲ್ ರಿಚ್ ಆಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಬರೆದಿಡಿ.

ಪೂರ್ತಿ ಥ್ರಾಟಲ್:
ನಾನು ಬಯಲಲ್ಲಿ ಓಡಿಸುವವನು, ಅದಕ್ಕೇ 35 ಅಂದೆ. ಇಕ್ಕಟ್ಟು ದಾರಿಗೆ 28 ಸರಿ, ಒಪ್ಪಿದೆ. ಆದರೆ ಮೇನ್ ಜೆಟ್ ದೊಡ್ಡದರಿಂದ ಶುರು ಮಾಡಿ ಕೆಳಗಿಳಿಯಿರಿ, ಚಿಕ್ಕದರಿಂದ ಮೇಲೆ ಏರಬೇಡಿ. ಹೊಸ ಪ್ಲಗ್ ಹಾಕಿ ಪೂರ್ತಿ ಥ್ರಾಟಲ್‌ನಲ್ಲಿ ಒಂದು ಓಟ ಎಳೆಯಿರಿ. ಕ್ಲಚ್ ಹಿಡಿದು ಅದೇ ಕ್ಷಣ ಎಂಜಿನ್ ಆಫ್ ಮಾಡಿ. ಪ್ಲಗ್ ತುದಿಯ ಬಣ್ಣ ಬಿಡಿ. ಪಿಂಗಾಣಿಯ ಬುಡದಲ್ಲಿ, ಒಳಗೆ ಆಳದಲ್ಲಿ ಕಂದು ಉಂಗುರ ಇದೆಯಾ ನೋಡಿ.

ಹಾಂ, ಬ್ಲಾಸ್ಟರ್‌ನ ಟಿಓಆರ್‌ಎಸ್ ಸ್ವಿಚ್ ಹಳೇ ಕಾರ್ಬ್‌ನಲ್ಲೇ ಇರುತ್ತದೆ. ಕಾರ್ಬ್ ಬದಲಾಯಿಸಿದಾಗ ಆ ವ್ಯವಸ್ಥೆ ಬಿಚ್ಚಬೇಕಾಗುತ್ತದೆ. ಅದು ಥ್ರಾಟಲ್ ಸಿಕ್ಕಿಕೊಂಡಾಗ ಕಾಪಾಡುವ ಸಾಧನ. ಅದರ ಜಾಗಕ್ಕೆ ಕೈಗೆ ಕಟ್ಟಿಕೊಳ್ಳುವ ಕಿಲ್ ಸ್ವಿಚ್ ಹಾಕದೆ ಓಡಿಸಬೇಡಿ.

ಮಣ್ಣಿನ ದಾರಿ:
ಟೆಸ್ಟ್ ಆಯ್ತು. 6 ಪಿಎಸ್‌ಐ ಒಂದು ನಿಮಿಷವೂ ನಿಲ್ಲಲಿಲ್ಲ. ಮ್ಯಾಗ್ನೆಟೋ ಕಡೆಯ ಸೀಲ್‌ನ ಕೆಳತುಟಿಯಲ್ಲಿ ಸಣ್ಣ ಸಣ್ಣ ಗುಳ್ಳೆ, ಸಾಲಾಗಿ ಬರುತ್ತಲೇ ಇದ್ದವು. ಹೊಸ ಸೀಲ್ ಹಾಕಿದೆ. ಈಗ ಹಳೇ 26ರಲ್ಲೇ ಆರ್‌ಪಿಎಂ ಟಕ್ಕನೆ ಇಳಿಯುತ್ತಿದೆ, ಮುಗ್ಗರಿಕೆ ಅರ್ಧಕ್ಕರ್ಧ ಕಡಿಮೆ. 28 ಬರೋಕೆ ಇನ್ನೂ ಸಮಯ ಇದೆ. ಅಲ್ಲಿಯವರೆಗೆ ಇದೇ ಮಿಕುನಿಗೆ ಟೇಪ್ ಅಂಟಿಸಿ ಪೈಲಟ್ ಹುಡುಕುತ್ತೇನೆ. ರೀಡ್ ಕೇಜ್ ಅವರೇ, ನಿಮ್ಮ ಮಾತಿನಿಂದ ನನ್ನ ಪಿಸ್ಟನ್ ಉಳಿಯಿತು.

ರೀಡ್ ಕೇಜ್:
ತುಂಬಾ ಸಂತೋಷ. ಆದರೂ ಸಿಲಿಂಡರ್ ಹೆಡ್ ಬಿಚ್ಚದೆಯೇ ಎಕ್ಸಾಸ್ಟ್ ಬಾಯಿಂದ ಟಾರ್ಚ್ ಹಾಕಿ ಪಿಸ್ಟನ್ ಒಮ್ಮೆ ನೋಡಿಬಿಡಿ. ಉದ್ದುದ್ದ ಗೀರು ಕಂಡರೆ ಪೂರ್ತಿ ಥ್ರಾಟಲ್ ಒತ್ತೋ ಮೊದಲೇ ಸಿಲಿಂಡರ್ ಎತ್ತಿ.